ಏರಿಕೆಯೊಳಗಿನ ತಿರುವು

ಕಲನಶಾಸ್ತ್ರವೆಂಬ ಹೆಸರು ಕೇಳಿದೊಡನೆ ಶ್ರೋತೃಗಳಲ್ಲಿ ಕೆಲವರ ಕೈ ರೇಡಿಯೋದ ಗುಂಡಿಯತ್ತ ಹೋದೀತು. ಒಂದಿಷ್ಟು ತಡೆಯಿರಿ. ನಾನು ಹೇಳಹೊರಟಿರುವುದು ಏರಿಕೆಯೊಳಗೇ ಅಡಗಿರುವ ಒಂದು ತಿರುವಿನ ಸಂಗತಿ.

ರೇಖೆಯೊಂದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು, ಎಷ್ಟು ವೇಗದಿಂದ ಎಂಬುದನ್ನು ಮೊದಲನೆಯ ಅವಕಲನ ತಿಳಿಸುತ್ತದೆ. ಆ ವೇಗವೇ ಹೆಚ್ಚುತ್ತಿದೆಯೋ ಕುಂದುತ್ತಿದೆಯೋ ಎಂಬುದನ್ನು ಹೇಳುವುದು ಎರಡನೆಯ ಅವಕಲನ. ಅದು ಧನವಾಗಿದ್ದರೆ ರೇಖೆ ನೆಟ್ಟಗಿಟ್ಟ ಬೋಗುಣಿಯಂತೆ ಬಾಗುತ್ತದೆ. ಋಣವಾಗಿದ್ದರೆ ಕವುಚಿಟ್ಟ ಬೋಗುಣಿಯಂತೆ. ಒಂದು ಬಾಗು ಮುಗಿದು ಇನ್ನೊಂದು ಮೊದಲಾಗುವ ಎಡೆಯೇ ತಿರುವಿನ ಬಿಂದು.

ಅಧ್ಯಾಪಕನಾಗಿದ್ದ ಮೊದಲ ವರ್ಷಗಳಲ್ಲಿ ನಾನೊಮ್ಮೆ, "ಎರಡನೆಯ ಅವಕಲನ ಸೊನ್ನೆಯಾದಲ್ಲಿ ತಿರುವು" ಎಂದು ಹಲಗೆಯ ಮೇಲೆ ಬರೆದುಬಿಟ್ಟೆ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಕ್ಷದ ನಾಲ್ಕನೆಯ ಘಾತದಲ್ಲಿ ತಿರುವೆಲ್ಲಿದೆ?" ಎಂದಳು. ನಾನು ನಿರುತ್ತರನಾದೆ. ಅದರ ಎರಡನೆಯ ಅವಕಲನ ಕ್ಷದ ವರ್ಗದ ಹನ್ನೆರಡು ಪಟ್ಟು. ಕ್ಷ ಸೊನ್ನೆಯಾದಾಗ ಅದೂ ಸೊನ್ನೆ, ನಿಜ. ಆದರೆ ಎಡಬಲಗಳೆರಡರಲ್ಲಿಯೂ ಅದು ಧನವೇ. ಬೋಗುಣಿ ಕವುಚಿಕೊಳ್ಳುವುದೇ ಇಲ್ಲ. ಕ್ಷದ ಘನದಲ್ಲಾದರೋ ಅದು ಕ್ಷದ ಆರು ಪಟ್ಟು. ಸೊನ್ನೆಯ ಎಡಕ್ಕೆ ಋಣ, ಬಲಕ್ಕೆ ಧನ. ಅಲ್ಲಿ ತಿರುವು ದಿಟ. ಸೊನ್ನೆ ಬರಿಯ ಸುಳಿವು. ಚಿಹ್ನೆ ಬದಲಾದುದೇ ಸಾಕ್ಷಿ.

ನಮ್ಮ ಜನಗಣತಿಯನ್ನು ಈ ಕಣ್ಣಿನಿಂದ ನೋಡಿ. 1971ರಿಂದ 1981ರವರೆಗೆ ಭಾರತದ ಜನಸಂಖ್ಯೆಗೆ ಸೇರಿದವರು ಸುಮಾರು 13.5 ಕೋಟಿ. ಮುಂದಿನ ದಶಕದಲ್ಲಿ 16.3 ಕೋಟಿ, 2001ಕ್ಕೆ ಮುಗಿದ ದಶಕದಲ್ಲಿ 18.23 ಕೋಟಿ, 2011ಕ್ಕೆ ಮುಗಿದುದರಲ್ಲಿ 18.21 ಕೋಟಿ. ಜನಸಂಖ್ಯೆ ಏರುತ್ತಲೇ ಇತ್ತು. ಹೆಚ್ಚಳ ಮಾತ್ರ ಹೆಚ್ಚುವುದನ್ನು ನಿಲ್ಲಿಸಿತ್ತು. ಆದರೆ ಇಷ್ಟು ಕಿರಿದಾದ ಅಂತರ ಬರಿಯ ಸುಳಿವಲ್ಲವೆ? ಆಚೆಯ ಪಕ್ಕವನ್ನೂ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 3.4, 2019–21ರಲ್ಲಿ 2.0. ತಿರುವು ದಿಟವೆಂದು ನಾನು ನಂಬುವುದು ಇದರಿಂದ.

ಬಸ್ ನಿಲ್ದಾಣದಲ್ಲಿ ನಿಂತವನಿಗೆ ಇದಾವುದೂ ಕಾಣಲಿಲ್ಲ, ಕಂಡದ್ದು ಜನಜಂಗುಳಿಯೊಂದೇ. ಶಿಖರ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ತಿರುವು ಆಗಿಹೋಗಿರುತ್ತದೆ. ಏರಿಕೆಯನ್ನು ಕಂಡು ಅಂಜುವ ಮುನ್ನ, ಅದರ ವೇಗಕ್ಕೇನಾಗಿದೆಯೆಂದು ಕೇಳುವುದು ಒಳಿತು; ಉತ್ತರ ಸಿಕ್ಕಿತೆಂದು ಹಿಗ್ಗುವ ಮುನ್ನ ಎರಡು ಪಕ್ಕಗಳನ್ನೂ ನೋಡುವುದು ಇನ್ನೂ ಒಳಿತು. ಈ ಎರಡನೆಯ ಪಾಠಕ್ಕೆ ಆ ವಿದ್ಯಾರ್ಥಿನಿಗೆ ನಾನು ಇಂದಿಗೂ ಋಣಿ.