ಕ್ಯಾಮೆರಾದಲ್ಲಿ ಜಿಂಕೆ ಕಾಣಲಿಲ್ಲ ಅಂದ್ರೆ ಕಾಡಲ್ಲೂ ಇಲ್ವಾ?

ನಾನು ಕಾರವಾರದ ಹತ್ತಿರದ ಅರ್ಗಾದವನು. ಒಂದು ಕಡೆ ಸಮುದ್ರ, ನೌಕಾನೆಲೆ, ಇನ್ನೊಂದು ಕಡೆ ಗುಡ್ಡ, ಅದು ನಮ್ಮೂರು. ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ.

ನಮ್ಮ ಕಡೆಯಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿದರೆ ಮೊದಲು ಸಿಗೋದು ದಟ್ಟ ಹಸಿರು ಕಾಡು. ಜೋಯಿಡಾ ದಾಟಿ ದಾಂಡೇಲಿ, ಹಳಿಯಾಳದ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಸಾಗುವಾನಿ, ಮತ್ತಿ ಮರಗಳ ಕಾಡು ಶುರುವಾಗುತ್ತದೆ. ಆ ಭಾಗದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಸಮೀಕ್ಷೆ ಮಾಡುತ್ತಿದ್ದ ತಂಡವೊಂದರ ಜೊತೆ ನಾನು ಸ್ವಯಂಸೇವಕನಾಗಿ ಹೋಗಿದ್ದೆ. ಮರಕ್ಕೆ ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಕಟ್ಟುವುದು, ಆಮೇಲೆ ಮೆಮೊರಿ ಕಾರ್ಡ್ ತರುವುದು ನನ್ನ ಕೆಲಸ. ಬಿಸಿ ಮೈಯ ಪ್ರಾಣಿ ಎದುರಿಗೆ ಹಾದುಹೋದರೆ ಸಾಕು, ಸೆನ್ಸರ್‌ಗೆ ಗೊತ್ತಾಗಿ ಫೋಟೋ ಬೀಳುತ್ತದೆ.

ನಮ್ಮ ಒಂದು ಕ್ಯಾಮೆರಾ ಕೆರೆಯ ಪಕ್ಕದಲ್ಲಿತ್ತು. ಏಪ್ರಿಲ್‌ನಲ್ಲಿ ಅದರ ಕಾರ್ಡ್ ತುಂಬ ಜಿಂಕೆ, ಕಡವೆ. ಮಳೆಗಾಲ ಮುಗಿಸಿ ನವೆಂಬರ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದೆವು. ಈ ಸಲ ಬೆರಳೆಣಿಕೆಯಷ್ಟು ಫೋಟೋ, ಅಷ್ಟೇ. ನನಗೆ ಎದೆ ಧಸಕ್ ಅಂತು. ಯಾರನ್ನೂ ಕೇಳದೆ ವಾಟ್ಸ್ಯಾಪ್ ಗ್ರೂಪಿಗೆ ಬರೆದೆ, ‘ಜಿಂಕೆಗಳನ್ನೆಲ್ಲ ಬೇಟೆಯಾಡಿ ಮುಗಿಸಿದ್ದಾರೆ.’ ಅದು ಫಾರ್ವರ್ಡ್ ಆಗಿ ಆಗಿ, ಕೊನೆಗೆ ಕಾಡಂಚಿನ ಒಂದು ಊರಿನವರ ಮೇಲೆ ಅನುಮಾನ ಬಂತು. ಅವರು ಏನೂ ಮಾಡಿರಲಿಲ್ಲ.

ತಂಡದ ಹಿರಿಯರು ನನ್ನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ‘ಏಪ್ರಿಲ್‌ನಲ್ಲಿ ಕಾಡಲ್ಲಿ ಬೇರೆಲ್ಲಿ ನೀರಿತ್ತಪ್ಪಾ?’

ಅಷ್ಟೇ ವಿಷಯ, ನೋಡಿ. ಬೇಸಿಗೆಯಲ್ಲಿ ಹಳ್ಳಗಳು ಒಣಗುತ್ತವೆ, ಸುತ್ತಲಿನ ಜಿಂಕೆಗಳೆಲ್ಲ ಉಳಿದ ಒಂದೆರಡು ಕೆರೆಗೆ ಬರುತ್ತವೆ. ಮಳೆ ಮುಗಿದ ಮೇಲೆ ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಹುಲ್ಲು. ಅವು ಚದುರಿಹೋಗುತ್ತವೆ. ಹತ್ತಿರ ಬಂದರೂ ಎತ್ತರದ ಹುಲ್ಲು ಮರೆಮಾಡುತ್ತದೆ. ಬದಲಾಗಿದ್ದು ಕಾಲ. ಜಿಂಕೆ ಕಡಿಮೆಯಾಯ್ತು ಅನ್ನೋಕೆ ನನ್ನ ಹತ್ತಿರ ಸಾಕ್ಷಿಯೇ ಇರಲಿಲ್ಲ.

ಇನ್ನೊಂದು ತೊಡಕಿದೆ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಹುಲಿಯ ಫೋಟೋ ಬಿದ್ದಿದ್ದು 76,651. ಆದರೆ ಅದರಲ್ಲಿದ್ದ ಬೇರೆ ಬೇರೆ ಹುಲಿಗಳು 2,461 ಮಾತ್ರ! ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಹಾಗಾಗಿ ಲೆಕ್ಕ ಸಿಕ್ಕಿತು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಬಳಸಿದ್ದು ಇದೇ ಉಪಾಯ. ಜಿಂಕೆಯ ವಿಷಯದಲ್ಲಿ ಇದು ಸುಲಭವಲ್ಲ. ಹಿಂಡಿನಲ್ಲಿ ಓಡಾಡುವ ಜಿಂಕೆಯ ಚುಕ್ಕೆ ನೋಡಿ ಒಂದೊಂದನ್ನೇ ಗುರುತಿಸೋದು ತುಂಬಾ ಕಷ್ಟ. ಕಡವೆ, ಕಾಡುಕುರಿಗಂತೂ ಮೈಮೇಲೆ ಅಂಥ ಗುರುತೇ ಇಲ್ಲ. ಒಂದೇ ಕಡವೆ ಹತ್ತು ಸಲ ಬಂದರೆ ನಮಗೆ ಹತ್ತು ಕಡವೆ!

ಹಾಗಾದರೆ ಎಣಿಸೋದು ಹೇಗೆ? ಹಳೆಯ ದಾರಿ ಅಂದರೆ, ಕಾಡಿನಲ್ಲಿ ನೇರ ಗೆರೆಯಂತೆ ಗುರುತು ಮಾಡಿ ಬೆಳಿಗ್ಗೆ, ಸಂಜೆ ನಡೆಯುವುದು. ಕಂಡ ಪ್ರಾಣಿಗಳೆಷ್ಟು, ಗೆರೆಯಿಂದ ಎಷ್ಟು ದೂರ ಅಂತ ಅಳೆದು ಲೆಕ್ಕ ಹಾಕುತ್ತಾರೆ. ಕ್ಯಾಮೆರಾ ಫೋಟೋದಿಂದಲೇ ಲೆಕ್ಕ ಹಾಕುವ ಸೂತ್ರವೊಂದು 2008ರಲ್ಲಿ ಪ್ರಕಟವಾಯಿತು. ಅದಕ್ಕೆ ಪ್ರಾಣಿ ದಿನಕ್ಕೆ ಎಷ್ಟು ದೂರ ಓಡಾಡುತ್ತದೆ, ಕ್ಯಾಮೆರಾ ಎಷ್ಟು ಅಗಲ, ಎಷ್ಟು ದೂರ ನೋಡುತ್ತದೆ ಅನ್ನುವುದೆಲ್ಲ ಬೇಕು. ಮುಖ್ಯವಾದ ಷರತ್ತು ಏನು ಗೊತ್ತಾ? ಜಿಂಕೆ ಬರುವ ಜಾಗ ಹುಡುಕಿ ಕ್ಯಾಮೆರಾ ಕಟ್ಟಬಾರದು. ಚೀಟಿ ಎತ್ತಿದ ಹಾಗೆ ಎಲ್ಲಿ ಬರುತ್ತದೋ ಅಲ್ಲೇ ಕಟ್ಟಬೇಕು. ನಮ್ಮ ಕೆರೆಯ ಕ್ಯಾಮೆರಾ ಅಲ್ಲೇ ಫೇಲ್!

ಇದೆಲ್ಲ ಯಾಕೆ ಬೇಕು ಅಂತೀರಾ? ಜಿಂಕೆ, ಕಡವೆ ಎಷ್ಟಿವೆಯೋ ಅದರ ಮೇಲೆ ಹುಲಿ, ಚಿರತೆ, ಕಾಡುನಾಯಿಗಳ ಹೊಟ್ಟೆ ನಿಂತಿದೆ. ಲೆಕ್ಕ ತಪ್ಪಿದರೆ ನಿಜವಾಗಿ ಕಡಿಮೆಯಾದಾಗ ಗೊತ್ತಾಗಲ್ಲ, ಕಡಿಮೆಯಾಗದಿದ್ದಾಗ ಯಾರೋ ಬಡವರು ಕಳ್ಳರಾಗುತ್ತಾರೆ.

ನಾನು ಆ ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡು ಬರೆದೆ. ಅದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ಆ ಊರಿಗೆ ನಾನೇ ಹೋಗಿ ಹೇಳಿಬಂದೆ. ಮುಂದೆ ನಿಮ್ಮ ಫೋನಿಗೆ ‘ಕಾಡು ಖಾಲಿಯಾಯ್ತು’ ಅಂತ ಒಂದು ಫೋಟೋ ಬಂದರೆ, ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವ ತಿಂಗಳು? ಕ್ಯಾಮೆರಾ ಎಲ್ಲಿತ್ತು?