ಕ್ಯಾನ್ಸರ್ ಪತ್ತೆಗೆ ನ್ಯಾನೋ ತಂತ್ರಜ್ಞಾನ



ಕ್ಯಾನ್ಸರ್ ಎಂದೊಡನೆ ನಾವು ಹೆದರುತ್ತೇವೆ. ಆದರೆ ಹೆಚ್ಚು ಹೆದರಬೇಕಾದದ್ದು ಅದು ತಡವಾಗಿ ಗೊತ್ತಾಗುವುದಕ್ಕೆ. ಒಂದು ಸೆಂಟಿಮೀಟರ್ ಗಾತ್ರದ ಗಡ್ಡೆಯಲ್ಲಿ ಆಗಲೇ ಕೋಟಿಗಟ್ಟಲೆ ಜೀವಕೋಶಗಳಿರುತ್ತವೆ. ಅದಕ್ಕೂ ಮೊದಲೇ ರೋಗವನ್ನು ಗುರುತಿಸಲು ವಿಜ್ಞಾನಿಗಳು ರೂಪಿಸುತ್ತಿರುವ ಸಾಧನವೇ ನ್ಯಾನೋ ಬಯೋಸೆನ್ಸರ್.

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೋಮೀಟರ್! ಬಯೋಸೆನ್ಸರ್ ಮಾತ್ರ ನಮಗೆ ಹೊಸದಲ್ಲ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಅದರ ಮೂಲ ವಿಧಾನವನ್ನು ತಿಳಿಸಿದರು. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬಳಸುವ ಗ್ಲುಕೋಮೀಟರ್ ಅದೇ ವಂಶದ್ದು. ಇದರಲ್ಲಿ ಒಂದು ಭಾಗ ಬೇಕಾದ ವಸ್ತುವನ್ನು ಗುರುತಿಸುತ್ತದೆ, ಇನ್ನೊಂದು ಭಾಗ ಅದನ್ನು ವಿದ್ಯುತ್ ಸಂಕೇತವಾಗಿ ತಿಳಿಸುತ್ತದೆ.

2005ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಲೀಬರ್ ಮತ್ತು ಸಂಗಡಿಗರು ಅತಿ ಸೂಕ್ಷ್ಮ ಸಿಲಿಕಾನ್ ತಂತಿಗಳ ಮೇಲೆ ಪ್ರತಿಕಾಯಗಳನ್ನು ಅಂಟಿಸಿದರು. ಬೀಗಕ್ಕೆ ಅದರದೇ ಕೀಲಿ ಕೂಡುವಂತೆ, ಕ್ಯಾನ್ಸರ್ ಸೂಚಿಸುವ ಪ್ರೋಟೀನು ತನಗೆ ಹೊಂದುವ ಪ್ರತಿಕಾಯಕ್ಕೆ ಅಂಟಿಕೊಂಡಿತು. ಕೂಡಲೇ ತಂತಿಯ ವಿದ್ಯುತ್ ವಾಹಕತೆ ಬದಲಾಯಿತು. ಅತ್ಯಲ್ಪ ಪ್ರಮಾಣದ ಪ್ರೋಟೀನು ಕೂಡ ಹೀಗೆ ಸಿಕ್ಕಿಬಿದ್ದಿತು.

ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿವೆ. ಅವುಗಳ ನಡುವೆ ಗಡ್ಡೆಯಿಂದ ಕಳಚಿಬಂದ ಕ್ಯಾನ್ಸರ್ ಕೋಶ ಒಂದೋ ಎರಡೋ ಇರಬಹುದು. ಕಬ್ಬಿಣದ ನ್ಯಾನೋ ಕಣಗಳಿಗೆ ಪ್ರತಿಕಾಯ ಲೇಪಿಸಿ, ಅಯಸ್ಕಾಂತದಿಂದ ಅಂಥ ಕೋಶಗಳನ್ನು ಸೆಳೆದು ಎಣಿಸುವ ಪರೀಕ್ಷೆಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಆದರೆ ಅದು ರೋಗ ಈಗಾಗಲೇ ಹರಡಿದವರ ಸ್ಥಿತಿ ತಿಳಿಯಲು ಮಾತ್ರ. ಆರಂಭದಲ್ಲೇ ಪತ್ತೆಹಚ್ಚುವ ನ್ಯಾನೋ ಸಾಧನಗಳು ಬಹುಪಾಲು ಇನ್ನೂ ಪ್ರಯೋಗಾಲಯದಲ್ಲೇ ಇವೆ. ಸೂಚಕ ಪ್ರೋಟೀನು ಕೆಲವೊಮ್ಮೆ ಕ್ಯಾನ್ಸರ್ ಇಲ್ಲದೆಯೂ ಹೆಚ್ಚಾಗುತ್ತದೆ. ಆದ್ದರಿಂದ ಅದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ.

ಹಾಗಾದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಬಾಯಿಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಕಣ್ಣಿಗೇ ಕಾಣುತ್ತವೆ. ಗುಟ್ಕಾ, ಹೊಗೆಸೊಪ್ಪು ಬಿಡುವುದು ನಮ್ಮ ಕೈಯಲ್ಲೇ ಇದೆ. ಸ್ತನದಲ್ಲಿ ಗಂಟು ಕಂಡರೂ ನಮ್ಮ ಅಮ್ಮಂದಿರು, ಅಕ್ಕಂದಿರು ಸಂಕೋಚದಿಂದ ಮುಚ್ಚಿಡುತ್ತಾರೆ. ಹಯಾ ಒಳ್ಳೆಯ ಗುಣ. ಆದರೆ ರೋಗ ಮುಚ್ಚಿಡುವುದು ಹಯಾ ಅಲ್ಲ. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ಯವರ ಬೋಧನೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲೇ ಇದೆ.

ವಿದ್ಯಾರ್ಥಿಗಳೇ, ಈ ಕ್ಷೇತ್ರಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನಕ್ಕೇ ಒಂದು ಕೇಂದ್ರವಿದೆ. ನಿಮ್ಮಲ್ಲೊಬ್ಬರು ಅಲ್ಲಿಗೆ ತಲುಪಲಿ. ಇಂದು ಮನೆಗೆ ಹೋದಮೇಲೆ, ಹಿರಿಯರಲ್ಲಿ ಯಾರಾದರೂ ನೋವೋ ಗಂಟೋ ಮುಚ್ಚಿಟ್ಟಿದ್ದಾರೆಯೇ ಎಂದು ಕೇಳಿ. ಇದ್ದರೆ ನೀವೇ ಜೊತೆಗೂಡಿ ವೈದ್ಯರಲ್ಲಿಗೆ ಕರೆದೊಯ್ಯಿರಿ.