ಸೋಲಿಗರ ದೇವರಿಗೆ ಯಾರ ಅಪ್ಪಣೆ?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣದಿಂದ)



ಬಿಳಿಗಿರಿರಂಗನ ಬೆಟ್ಟದ ದೊಡ್ಡಸಂಪಿಗೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಗೋಪುರವಿಲ್ಲ, ಗರ್ಭಗುಡಿಯಿಲ್ಲ, ಒಂದು ಹಳೆಯ ಮರ, ಬುಡದಲ್ಲಿ ಕಲ್ಲುಗಳು. ಸೋಲಿಗರಿಗೆ ಅದೇ ದೇವರು. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ.

1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಮೃಗಗಳಿಗೆ ಅಭಯ ಸಿಕ್ಕಿತು, ಸೋಲಿಗರನ್ನು ಒಳಗಿನ ಪೋಡುಗಳಿಂದ ಎಬ್ಬಿಸಿದರು. ಬೇಟೆ ನಿಂತದ್ದಕ್ಕೆ ನಮ್ಮ ತಕರಾರಿಲ್ಲ. ಆದರೆ ತರಗು ಬೆಂಕಿಯೂ ನಿಂತಿತು. ಒಣಗಿದ ಎಲೆಗೆ ಹೊತ್ತು ನೋಡಿ ಸಣ್ಣ ಬೆಂಕಿ ಇಡುವುದು ಅವರ ಹಿರಿಯರ ವಿದ್ಯೆ. ಅದು ನಿಂತ ಮೇಲೆಯೇ ಲಂಟಾನ ಹಬ್ಬಿತೆಂದು ಸೋಲಿಗರು ಹೇಳುತ್ತಾರೆ. ಗಿರಣಿಯನ್ನು ಕಾಪಾಡುತ್ತೇವೆಂದು ಹೇಳಿ, ಯಂತ್ರ ಬಲ್ಲವನನ್ನೇ ಗೇಟಿನಾಚೆ ನಿಲ್ಲಿಸಿದರೆ ನಾವು ಸುಮ್ಮನಿರುತ್ತೇವೆಯೇ?

2011ರಲ್ಲಿ ಅದು ಹುಲಿ ರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರವೂ ಬಂತು. ಹೋರಾಡಿ ಪಡೆದದ್ದು, ಯಾರೂ ಕರುಣಿಸಿದ್ದಲ್ಲ.

ಇನ್ನು ನಮ್ಮ ಬೇಡಿಕೆ ಇಷ್ಟೆ. ಹುಲಿಯ ಲೆಕ್ಕ ಬರೆಯುವ ನಕ್ಷೆಯಲ್ಲೇ ಆ ಎಲ್ಲೆಗಳ ಹೆಸರನ್ನೂ ಸರಕಾರ ಬರೆಯಲಿ. ಪೂಜೆಗೆ ಹೊರಟ ಸೋಲಿಗನನ್ನು ಯಾವ ಗೇಟಿನಲ್ಲೂ ಚೀಟಿ ಕೇಳದಿರಲಿ.